ಗಾಜಿನ ಕೋಣೆ

ನಂಜಿಗೆ ಕೊಡುವ ಔಷಧಿಗಳೆಲ್ಲ ಕೆಲಸ ಮಾಡುವುದನ್ನು ನಿಲ್ಲಿಸಿ ವರ್ಷಗಳಾಗಿದ್ದವು. ಹಾಗಾಗಿ ಹೃದಯದ ಆಪರೇಷನ್ ಆದವರನ್ನು ಎದೆಯ ಗಾಯ ಮಾಯುವತನಕ ಗಾಜಿನ ಕೋಣೆಯಲ್ಲಿ ಒಂಟಿಯಾಗಿ ಇಡುತ್ತಿದ್ದರು. ಬಸ್ ಡ್ರೈವರ್ ಶೀನನನ್ನೂ ಹಾಗೆಯೇ ಇಟ್ಟಿದ್ದರು. ಹೆಂಡತಿ ವಾರಿಜಾ ದಿನವೂ ಗಾಜಿನ ಆಚೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದಳು.

ಅಂದು ಬೆಳಿಗ್ಗೆ ಗಾಯದ ಪಟ್ಟಿ ಬದಲಿಸಿ ಹೊರಬಂದ ಐರಿನ್ ಸಿಸ್ಟರ್ ಬಾಗಿಲನ್ನು ಮುಚ್ಚಲಿಲ್ಲ.

"ಒಳಗೆ ಹೋಗಮ್ಮ."

"ಅಯ್ಯೋ, ನಾನು ಹೋದರೆ ಗಾಯಕ್ಕೆ ನಂಜಾಗುವುದಿಲ್ಲವಾ?"

ಸಿಸ್ಟರ್ ಮಾಸ್ಕ್ ಬಿಚ್ಚಿದರು. "ಆಗಿಬಿಟ್ಟಿದೆ. ಮೂಳೆಗೂ ಇಳಿದಿದೆ. ಇನ್ನು ನಮ್ಮ ಕೈಲಿ ಏನೂ ಇಲ್ಲ."

ವಾರಿಜಾ ನಲ್ಲಿಯ ಹತ್ತಿರ ಹೋಗಿ ಮೊಣಕೈವರೆಗೆ ಸೋಪು ಹಚ್ಚಿ ತಿಕ್ಕಿದಳು, ತೊಳೆದಳು, ಮತ್ತೆ ತಿಕ್ಕಿದಳು. ಸಿಸ್ಟರ್ ಬಾಗಿಲು ಹಿಡಿದು ಕಾದರು.

ಅವಳು ಒಳಗೆ ಬಂದದ್ದನ್ನು ಕಂಡಾಗಲೇ ಶೀನನಿಗೆ ತಿಳಿಯಿತು. ಪಕ್ಕದ ಕೋಣೆಯವನ ಹೆಂಡತಿಯನ್ನೂ ಅವನ ಕೊನೆಗಾಲದಲ್ಲಿ ಹೀಗೆಯೇ ಒಳಗೆ ಬಿಟ್ಟದ್ದನ್ನು ಅವನು ನೋಡಿದ್ದ.

"ಅಷ್ಟು ದೂರ ಯಾಕೆ ನಿಂತೆ ಮಾರಾಯ್ತಿ?" ಎಂದ. ಜ್ವರಕ್ಕೆ ತುಟಿ ಒಣಗಿತ್ತು. ನಿಧಾನಕ್ಕೆ ಸರಿದು ಮಂಚದಲ್ಲಿ ಜಾಗ ಮಾಡಿದ.

ವಾರಿಜಾ ಕೂತು, ಅವನ ಹಣೆಯ ಮೇಲೆ ಒದ್ದೆ ಕೈಯಿಟ್ಟಳು.

"ತಂಪಾಯ್ತು," ಎಂದು ಶೀನ ಕಣ್ಣು ಮುಚ್ಚಿದ. ಅವಳು ಕೈ ತೆಗೆಯಲಿಲ್ಲ.