ಇಲ್ಲದ ಕಿಡ್ನಿ

ಐದು ವರ್ಷದ ಹಿಂದೆ ತೆಗೆದುಹಾಕಿದ್ದ ಎಡಗಡೆಯ ಕಿಡ್ನಿ ಸ್ಕ್ಯಾನಿನ ಪರದೆಯ ಮೇಲೆ ಆರೋಗ್ಯವಾಗಿ ಕುಳಿತಿತ್ತು. ಅದರ ಯಜಮಾನ ಹೊರಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದ. ಅವನ ಪಕ್ಕೆಯ ಮೇಲೆ ಗೇಣುದ್ದದ ಹೊಲಿಗೆಯ ಗುರುತಿತ್ತು.

“ಮೂವತ್ತು ವರ್ಷ ಈ ರೂಮಲ್ಲೇ ಕಳೆದೆ. ತೆಗೆದದ್ದು ಮತ್ತೆ ಬೆಳೆದದ್ದು ನೋಡಿರ್ಲಿಲ್ಲ,” ಎಂದರು ಸ್ಕ್ಯಾನ್ ತೆಗೆಯುವವರು. ಆಸ್ಪತ್ರೆಗೆಲ್ಲ ಅವರು ‘ಕತ್ತಲೆಕೋಣೆ ಮಾವ’. ಮಾತು ತಮಾಷೆಯದಾದರೂ ಮುಖದಲ್ಲಿ ನಗುವಿರಲಿಲ್ಲ.

ಆಸ್ಪತ್ರೆಯ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಹುಡುಗಿ ಪರದೆಯ ಹತ್ತಿರ ಬಾಗಿದಳು. ಅದು ಯಾರ ಕಿಡ್ನಿಯೋ ಅವಳಿಗೆ ತಿಳಿಯದು, ಅಲ್ಲಿಗೆ ಹೇಗೆ ಬಂತೆಂಬುದು ಮಾತ್ರ ತಕ್ಷಣ ಹೊಳೆಯಿತು. ಸ್ಕ್ಯಾನರಿನ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು. ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಹಳೆಯದೊಂದರ ನಕಲು ಹೂಡಿ, ತಾನು ಹಳೆಯ ಕಂಪ್ಯೂಟರಿನಲ್ಲೇ ಇದ್ದೇನೆಂದು ಸಾಫ್ಟ್‌ವೇರನ್ನು ನಂಬಿಸಿ, ಸ್ಕ್ಯಾನರಿನಿಂದ ಚಿತ್ರ ತರುವ ಕಾರ್ಡನ್ನು ನೇರವಾಗಿ ಆ ನಕಲಿನ ಕೈಗೇ ಕೊಟ್ಟಿದ್ದರು. ಚಿತ್ರವನ್ನು ಮೆಮೊರಿಯ ಯಾವ ಜಾಗದಲ್ಲಿ ಇಳಿಸಬೇಕೆಂದು ಕಾರ್ಡಿಗೆ ವಿಳಾಸ ಹೇಳುವುದು ಡ್ರೈವರ್ ಎಂಬ ಪುಟ್ಟ ಪ್ರೋಗ್ರಾಮಿನ ಕೆಲಸ. ಹೊಸ ವಿಳಾಸ ಸಿಗದೆ ಅದು ಆಗಾಗ ಕೈಚೆಲ್ಲುತ್ತಿತ್ತು. ರೋಗಿ ಒಳಗೆ ಮಲಗಿರುವಾಗಲೇ ಯಂತ್ರ ನಿಂತುಬಿಡುತ್ತಿತ್ತು. ಡ್ರೈವರ್ ಬರೆದ ಕಂಪನಿಯವರು ಜಪ್ಪಯ್ಯ ಅಂದರೂ ಸರಿಪಡಿಸದಿದ್ದಾಗ, ಎರಡು ತಿಂಗಳ ಹಿಂದೆ ಅವಳೇ ಒಂದು ಉಪಾಯ ಹೂಡಿದ್ದಳು: ಹೊಸ ವಿಳಾಸ ಸಿಗದಿದ್ದರೆ ನಿಲ್ಲಬೇಡ, ಹಳೆಯದರಲ್ಲೇ ಮುಂದುವರಿ. ಯಂತ್ರ ಆಮೇಲೆ ನಿಲ್ಲಲಿಲ್ಲ. ಎಲ್ಲರೂ ಬೆನ್ನು ತಟ್ಟಿದ್ದರು. ಆದರೆ ಕಾರ್ಡು ಹಳೆಯ ಜಾಗದಲ್ಲಿ ಚಿತ್ರ ಇಳಿಸುತ್ತಿದ್ದರೆ, ಸಾಫ್ಟ್‌ವೇರ್ ಹೊಸ ಜಾಗ ನೋಡಿ, ಹಿಂದೊಮ್ಮೆ ಅಲ್ಲಿ ಇಳಿದು ಉಳಿದಿದ್ದ ಬೇರೊಬ್ಬ ರೋಗಿಯ ಚಿತ್ರವನ್ನೇ ತೋರಿಸಿಬಿಡುತ್ತಿತ್ತು.

“ಒಂಬತ್ತು ಸಲ ಹೀಗಾಗಿದೆ ಮಾವ,” ಯಂತ್ರದ ದಾಖಲೆ ನೋಡಿ ಅವಳು ಹೇಳಿದಳು. “ಇವತ್ತಿನವರನ್ನ ಬಿಟ್ರೆ ಎಂಟು ಜನ ರಿಪೋರ್ಟ್ ತಗೊಂಡು ಮನೆಗೆ ಹೋಗಿದ್ದಾರೆ.”

ಮಾವ ಬಾಗಿಲು ಮುಂದೆ ಮಾಡಿದರು. “ಡ್ರೈವರ್‌ದೇ ತಪ್ಪು ಅಂದುಬಿಡು, ಯಾರೂ ಕೆದಕಲ್ಲ. ಈಗ ತಾನೇ ಕೆಲಸ ಖಾಯಂ ಆಗಿದೆ ನಿಂಗೆ.”

“ಅದು ನಿಲ್ಲಬೇಕಾದ ಕಡೆ ನಿಲ್ತಿತ್ತು ಮಾವ. ಬಾಯಿ ಮುಚ್ಚಿಸಿದ್ದು ನಾನು.”

ದೊಡ್ಡ ಡಾಕ್ಟರ ಮುಂದೆ ಅವಳು ಏನನ್ನೂ ಮುಚ್ಚಿಡಲಿಲ್ಲ. ಅವರು ಎಂಟು ಜನರನ್ನೂ ಇವತ್ತೇ ವಾಪಸ್ ಕರೆಸಿ ಎಂದರು. ಕೌಂಟರಿನವರು ಫೋನ್ ಮಾಡುತ್ತಾರೆ ಎಂದಾಗ, “ನಾನೇ ಮಾಡ್ತೀನಿ ಸರ್,” ಎಂದಳು.

ಪಟ್ಟಿಯಲ್ಲಿ ಮೊದಲನೆಯವನು ಒಬ್ಬ ಬಡಗಿ. ಹೊಟ್ಟೆಯಲ್ಲಿ ಗಡ್ಡೆಯ ಅನುಮಾನವಿತ್ತು, ರಿಪೋರ್ಟಿನಲ್ಲಿ ಏನೂ ಇಲ್ಲವೆಂದು ಬಂದಿತ್ತು. ಫೋನ್ ಎತ್ತಿದವಳು ಅವನ ಹೆಂಡತಿ.

“ಆಸ್ಪತ್ರೆಯಿಂದ ಮಾತಾಡ್ತಿದ್ದೀನಮ್ಮ. ನಿಮ್ಮ ಯಜಮಾನ್ರ ಸ್ಕ್ಯಾನ್ ವಿಷಯ...”

“ಏನೂ ಇಲ್ಲ ಅಂತ ಬಂತಲ್ಲಮ್ಮ. ಹೋದ ಜೀವ ಬಂದಂಗಾಯ್ತು ನಮಗೆ. ಅವತ್ತಿಂದ ಹೊಟ್ಟೆ ತುಂಬ ಉಣ್ತಿದ್ದಾರೆ, ಕೆಲಸಾನೂ ಶುರು ಮಾಡಿದ್ದಾರೆ. ನೀವು ಡಾಕ್ಟ್ರಾ?”

“ಅಲ್ಲಮ್ಮ. ಆ ಮೆಷಿನ್ ರಿಪೇರಿ ಮಾಡಿದವಳು.”

“ಹೌದಾ ತಾಯಿ? ಹಾಗಾದ್ರೆ ಒಂದು ನಿಮಿಷ ಇರಿ, ಅವರನ್ನೇ ಕರೀತೀನಿ. ನಿಮಗೆ ಒಂದು ಮಾತು ಥ್ಯಾಂಕ್ಸ್ ಹೇಳ್ಲಿ.”

ಅತ್ತ ಗರಗಸದ ಸದ್ದು ನಿಂತಿತು. ಚಪ್ಪಲಿಯ ಸದ್ದು ಫೋನಿನ ಹತ್ತಿರ ಬರತೊಡಗಿತು.