ಮೂವತ್ತು-ನಲವತ್ತರ ಸ್ಕಾಲರ್‌ಶಿಪ್

ಸ್ಕಾಲರ್‌ಶಿಪ್ ಇಂಟರ್‌ವ್ಯೂಗೆ ಅಂತ ಕರೆಸಿದವರು ಅಂಕಪಟ್ಟಿ ಕೇಳಬೇಕು, ಓದು ಹೇಗೆ ನಡೆದಿದೆ ಅಂತ ಕೇಳಬೇಕು. ಟ್ರಸ್ಟಿನ ಅಧ್ಯಕ್ಷ ದೇವೇಂದ್ರಪ್ಪನವರು ಕೇಳಿದ್ದು, "ಈಶಾನ್ಯದಲ್ಲಿ ಏನು ಬರುತ್ತೆ ಹೇಳಮ್ಮ?"

ರಕ್ಷಾ ಪಕ್ಕದಲ್ಲಿ ಕೂತಿದ್ದ ಅಮ್ಮನ ಮುಖ ನೋಡಿದಳು. ಬಸವೇಶ್ವರನಗರದ ಈ ಆಫೀಸಿಗೆ ಅವರಿಬ್ಬರೂ ಬರುತ್ತಿರುವುದು ಇದು ಮೂರನೇ ಸಲ. ಆರ್ಕಿಟೆಕ್ಚರ್ ಮೂರು ವರ್ಷ ಮುಗಿದಿದೆ, ಇನ್ನೆರಡು ಬಾಕಿ. ಶನಿವಾರದೊಳಗೆ ಫೀಸು ಕಟ್ಟದಿದ್ದರೆ ಓದು ಅಲ್ಲಿಗೇ ನಿಂತಂತೆ. ವಿಜಯನಗರದ ಬಾಡಿಗೆ ಮನೆಯಲ್ಲಿ ಜೋಳದ ರೊಟ್ಟಿ ಬಡಿದು ಮಾರುವ ಬಸವರಾಜೇಶ್ವರಿಗೆ ಈ ಟ್ರಸ್ಟು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆಟೋದಲ್ಲೇ ಮಗಳಿಗೆ ಬುದ್ಧಿ ಹೇಳಿದ್ದಳು, "ದೊಡ್ಡೋರು ಏನಂದ್ರೂ ಹೂಂ ಅನ್ನು. ಎದುರು ಮಾತಾಡಿ ಕೆಡಿಸ್ಕೋಬೇಡ ಕಣೇ."

ಟ್ರಸ್ಟು ಅಂದರೆ ಅಧ್ಯಕ್ಷರು, ಅಧ್ಯಕ್ಷರು ಅಂದರೆ ಅವರ ಸೈಟು. ಮೊದಲ ಸಲ ಬಂದಾಗ ರಕ್ಷಾಳ ಕಾಲೇಜಿನ ಡ್ರಾಯಿಂಗ್‌ಗಳನ್ನು ಮದುವೆ ಆಲ್ಬಮ್ಮಿನಂತೆ ಪಟಪಟ ಮಗುಚಿ ಪಕ್ಕಕ್ಕಿಟ್ಟು, ಕೆಂಗೇರಿ ಉಪನಗರದಲ್ಲಿರುವ ತಮ್ಮ ಮೂವತ್ತು-ನಲವತ್ತು ಸೈಟಿನ ಮಾತು ತೆಗೆದಿದ್ದರು. "ಸುಮ್ನೆ ಒಂದು ಮನೆ ಪ್ಲಾನ್ ಹಾಕ್ಕೊಂಡು ಬಾ, ನಿನ್ನ ಟ್ಯಾಲೆಂಟ್ ನೋಡೋಣ." ಹಾಕಿಕೊಂಡು ಬಂದಳು. ಎರಡನೇ ಸಲ, ವಾಸ್ತುವಿನವರು ಹೇಳಿದರೆಂದು ಮೆಟ್ಟಿಲಿನ ದಿಕ್ಕು ತಿರುಗಿತು. ಅಡುಗೆಮನೆ ಇದ್ದಲ್ಲಿಂದ ಎದ್ದು ಇನ್ನೊಂದು ಮೂಲೆಗೆ ಹೋಯಿತು. ಇವತ್ತು ದೇವರ ಮನೆಯ ಸರದಿ.

"ಈಶಾನ್ಯದಲ್ಲಿ ಕಿಟಕಿ ಇಟ್ಟಿದೀನಿ ಸಾರ್. ಹಾಲ್‌ಗೆ ಬೆಳಕು ಬರೋ ಜಾಗ ಅದೊಂದೇ."

"ಬೆಳಕಿಗೆ ಲೈಟ್ ಇದೆಯಲ್ಲಮ್ಮ. ಕಿಟಕಿ ತೆಗೆದು ದೇವರನ್ನ ಕೂರಿಸು. ಮತ್ತೆ ಸುತ್ತ ಜಾಗ ಬಿಟ್ಟಿದೀಯಲ್ಲ, ಅದ್ಯಾಕೆ?"

"ಗಾಳಿಗೆ ಸಾರ್. ಬಿಡ್ಲೇಬೇಕು, ರೂಲ್ಸ್ ಇದೆ."

"ದುಡ್ಡು ಕೊಟ್ಟು ತಗೊಂಡಿರೋ ಸೈಟು. ಗಾಳಿಗೆ ಯಾಕೆ ಬಿಡ್ಲಿ? ಗೋಡೆ ಎಳ್ದುಬಿಡು ಅಂಚಿಗೆ."

ರಕ್ಷಾಗೆ ಪೆನ್ಸಿಲ್ ಮುರಿದು ಎಸೆಯುವಷ್ಟು ರೇಗಿತು. ಪುಕ್ಸಟ್ಟೆ ಸಿಕ್ಕರೆ ನಂಗೂ ಇರ್ಲಿ ನಮ್ಮಪ್ಪಂಗೂ ಇರ್ಲಿ ಅನ್ನುವ ಜನ! ಬಾಯಿ ತೆರೆಯುವಷ್ಟರಲ್ಲಿ ಮೇಜಿನ ಕೆಳಗೆ ಅಮ್ಮ ತೊಡೆ ಚಿವುಟಿದಳು. ಹಲ್ಲು ಕಚ್ಚಿ, "ಪಕ್ಕದ ಸೈಟಿನವರೂ ಹಂಗೇ ಎಳೆದ್ರೆ ನಿಮ್ಮ ದೇವರಿಗೆ ಸೂರ್ಯನೇ ಕಾಣಲ್ಲ ಸಾರ್" ಎಂದಳು. ಅಧ್ಯಕ್ಷರು ಆ ಮಾತಿಗೆ ಸ್ವಲ್ಪ ತಣ್ಣಗಾದರು. ಅವಳು ಅಳಿಸಿದಳು, ಅಳೆದಳು, ಮತ್ತೆ ಗೆರೆ ಎಳೆದಳು. ಕೊನೆಗೆ ಆ ಮೂಲೆಯಲ್ಲಿ ದೇವರನ್ನೂ ಕೂರಿಸಿ, ಪಕ್ಕದಲ್ಲೇ ಎತ್ತರದ ಕಿಟಕಿ ಇಟ್ಟು, ಬೆಳಕು ಹಾಲಿನವರೆಗೆ ಬರುವ ಹಾಗೆ ಮಾಡಿದಳು.

ದೇವೇಂದ್ರಪ್ಪನವರು ಹಾಳೆಯನ್ನು ಹಿಂದೆ ಮುಂದೆ ಹಿಡಿದು ನೋಡಿದರು. ಮುಖ ಅರಳಿತು. "ಭೇಷ್! ರಾಜಾಜಿನಗರದೋನು ಒಬ್ಬ ಆರ್ಕಿಟೆಕ್ಟ್ ಇದ್ದ, ಒಂದು ಗೆರೆ ತಿರುಗಿಸಿದ್ರೂ ಫೀಸ್ ಕೇಳ್ತಿದ್ದ." ಅಲ್ಲೇ ಕಂಟ್ರಾಕ್ಟರಿಗೆ ಫೋನ್ ಹಚ್ಚಿದರು. "ಪ್ಲಾನ್ ರೆಡಿ ಕಣಯ್ಯಾ. ನಾಳೆ ಪೂಜೆ ಆದ ತಕ್ಷಣ ಮಾರ್ಕಿಂಗ್ ಹಾಕ್ಬಿಡು. ಫೋಟೋ ಕಳಿಸ್ತೀನಿ ಇರು."

"ಹಂಗಾದ್ರೆ ಸ್ಕಾಲರ್‌ಶಿಪ್ ಸಾರ್..." ಎಂದಳು ಬಸವರಾಜೇಶ್ವರಿ. ಇಷ್ಟು ಹೊತ್ತು ಕೋಲೆ ಬಸವನ ಥರ ತಲೆಯಾಡಿಸಿ ಕುತ್ತಿಗೆ ನೋಯುತ್ತಿತ್ತು.

"ಅದನ್ನೇ ಯೋಚ್ನೆ ಮಾಡ್ತಿದ್ದೆ ನೋಡಮ್ಮ. ಇವಳಿಗೆ ಕೆಲಸ ಇಷ್ಟು ಚೆನ್ನಾಗಿ ಬರುತ್ತೆ. ಇನ್ನೂ ಎರಡು ವರ್ಷ ಕೂತು ಕಲಿಯೋದೇನಿದೆ? ಆ ದುಡ್ಡು ಏನೂ ಬರದಿರೋ ಮಕ್ಕಳಿಗೆ ಹೋಗ್ಲಿ, ಪಾಪ. ಇವಳು ನಾಳೆಯಿಂದ ನಮ್ಮ ಸೈಟಿಗೇ ಬರ್ಲಿ. ಮೇಲಿನ ಎರಡು ಫ್ಲೋರ್ ಪ್ಲಾನ್ ಬಾಕಿ ಇದೆ."

ರಕ್ಷಾಳ ಕಣ್ಣು ತುಂಬಿ ಬಂತು. ಅಷ್ಟೂ ಸಿಟ್ಟಿನ ನೀರು. ಬಸವರಾಜೇಶ್ವರಿಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತಳು. ದೇವೇಂದ್ರಪ್ಪನವರು ಫೋನಿನಲ್ಲಿ ಕ್ಯಾಮೆರಾ ಎಲ್ಲಿದೆ ಅಂತ ಹುಡುಕುತ್ತಿರುವಾಗಲೇ ಮೇಜಿನ ಮೇಲಿನ ಹಾಳೆಯನ್ನು ಎಳೆದುಕೊಂಡು ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು.

"ಅಯ್ಯೋ, ಅದನ್ಯಾಕಮ್ಮ ತಗೊಂಡೆ? ಇನ್ನೂ ಫೋಟೋ ತೆಗ್ದಿಲ್ಲ!"

"ಓದು ಅರ್ಧಕ್ಕೆ ಬಿಟ್ಟ ಹುಡ್ಗಿ ಹಾಕಿದ್ದು ಸಾರ್. ಇದನ್ನ ನಂಬಿ ಯಾರಾದ್ರೂ ಮನೆ ಕಟ್ತಾರಾ?"

ಮಗಳ ಕೈ ಹಿಡಿದುಕೊಂಡು ಮೆಟ್ಟಿಲಿಳಿದಳು. ಅಧ್ಯಕ್ಷರು ಚಪ್ಪಲಿಯನ್ನೂ ಹಾಕದೆ ಬಾಗಿಲಿಗೆ ಓಡಿಬಂದರು. "ಏ ಅಮ್ಮಾ, ನಿಂತ್ಕೊಳ್ಳಮ್ಮಾ! ಬೆಳಗ್ಗೆ ಗುದ್ದಲಿ ಪೂಜೆ! ಅಯ್ಯನೋರಿಗೆ ಹೇಳಾಗಿದೆ!"

"ಪೂಜೆ ಮಾಡಿ ಸಾರ್," ಬಸವರಾಜೇಶ್ವರಿ ಕೆಳಗಿನಿಂದಲೇ ಕೂಗಿ ಹೇಳಿದಳು. "ಪ್ಲಾನು ಎರಡು ವರ್ಷ ಬಿಟ್ಟು ಕೊಡ್ತೀವಿ."