ಅಲ್ಲಾಡದ ಗಾಡಿ

ಗಾಡಿ ನಿಲ್ಲಿಸಲು ಜಾಗವಿಲ್ಲವೆಂದು ಗಿರಾಕಿಗಳು ನನ್ನ ಬಟ್ಟೆ ಅಂಗಡಿಗೆ ಬರುವುದನ್ನೇ ಬಿಟ್ಟಿದ್ದರು. ಅಂದು ಬೆಳಿಗ್ಗೆ ಯಾರೋ ಒಬ್ಬ, ಬೀದಿಯಲ್ಲಿ ನಿಂತ ಗಾಡಿಗಳ ಚಕ್ರಕ್ಕೆಲ್ಲ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಕೊರಳಪಟ್ಟಿ ಹಿಡಿದೆ.

"ಕದಿಯೋಕೆ ಗುರುತು ಹಾಕ್ತಿದ್ದೀಯೇನೋ?"

"ಪುರಸಭೆಯವನು ಸ್ವಾಮಿ! ಇಲ್ಲಿ ಪಾರ್ಕಿಂಗ್ ಕಟ್ಟಡ ಕಟ್ಟಬೇಕು. ಸಂಜೆವರೆಗೂ ಅಲ್ಲಾಡದ ಗಾಡಿ ಯಾರ್‍ಯಾರದು ಅಂತ ನೋಡ್ತಿದ್ದೀನಿ."

"ಇಲ್ಲಿ ಗಾಡಿ ಬಿಸಾಕಿ ಬಸ್ ಹತ್ತಿ ಹೋಗೋ ಬಡ್ಡೀಮಕ್ಕಳದು! ಒಬ್ಬನನ್ನೂ ಬಿಡಬೇಡ, ಹೆಸರು ಬರ್ಕೋ. ಕಟ್ಟೋ ಖರ್ಚೆಲ್ಲ ಅವರತ್ರಾನೇ ಕಕ್ಕಿಸು."

ಸಂಜೆ ಶಟರ್ ಎಳೆದು ಮನೆಗೆ ಹೊರಟಾಗ ಅವನು ಮತ್ತೆ ಬಂದ.

"ಒಂಬತ್ತು ಗಾಡಿ ಅಲ್ಲಾಡಿಲ್ಲ ಸ್ವಾಮಿ. ಎಂಟು ಹೆಸರು ಸಿಕ್ತು."

"ಇನ್ನೊಬ್ಬ ಯಾವನು ಕಳ್ಳ?"

ಅವನು ನನ್ನ ಕೈಯಲ್ಲಿದ್ದ ಕಾರಿನ ಕೀಲಿಯನ್ನೇ ನೋಡುತ್ತಾ ಪೆನ್ನು ತೆಗೆದ.

"ಹೆಸರು ಹೇಳಿ ಸ್ವಾಮಿ."